ಯಾರು ಹೇಳಿಕೊಟ್ಟರು ಎಂದು ಕೇಳುವವರಿಗೆ

ಪ್ರೀತಿಯ ಪುಟ್ಟಿಗೆ,

‘ನಾನು ಬೆಳೆಸಿದ್ದರಲ್ಲೇ ಏನಾದರೂ ತಪ್ಪಾಯಿತಾ ಅಮ್ಮಾ?’ ಎಂದು ಕೇಳಿದೆಯಲ್ಲ, ಫೋನಿನಲ್ಲಿ ‘ಇಲ್ಲ ಕಣೇ’ ಅಂದುಬಿಟ್ಟರೆ ನಿನಗೆ ಸಮಾಧಾನ ಆಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನೀನು ಕೂದಲು ಗಿಡ್ಡ ಮಾಡಿಸಿದೆ, ಚಡ್ಡಿ ಹಾಕಿದೆ, ಬ್ಯಾಟು ಕೊಡಿಸಿದೆ, ಅದಕ್ಕೇ ಹೆಣ್ಣಾಗಿ ಹುಟ್ಟಿದ ಪಾಪು ‘ನಾನು ಹುಡುಗ’ ಅನ್ನುತ್ತಿದೆ ಎಂದು ಮನೆಯಲ್ಲಿ ಅನ್ನುತ್ತಾರಂತೆ. ನಿನ್ನನ್ನೂ ನಾನು ಹಾಗೇ ಬೆಳೆಸಿದ್ದು. ಅಣ್ಣನ ಅಂಗಿ ಹಾಕಿಕೊಂಡು ಮರ ಹತ್ತುತ್ತಿದ್ದೆ. ಆದರೂ ‘ನಾನು ಹುಡುಗ’ ಎಂದು ನೀನು ಒಂದು ದಿನವೂ ಅನ್ನಲಿಲ್ಲ.

ಬೆಳೆಸಿದ ಹಾಗೆ ಮಗು ಆಗುತ್ತದೆ ಎಂದು ನಂಬಿದ್ದ ದೊಡ್ಡ ತಜ್ಞರೊಬ್ಬರಿದ್ದರು, ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಜಾನ್ ಮನಿ. ಕೆನಡಾದ ವಿನಿಪೆಗ್‌ನಲ್ಲಿ 1965ರಲ್ಲಿ ಅವಳಿ ಗಂಡುಮಕ್ಕಳು ಹುಟ್ಟಿದವು. ಮರುವರ್ಷ ಸುನ್ನತಿ ಮಾಡುವಾಗ ಅನಾಹುತವಾಗಿ ಒಂದು ಮಗುವಿನ ಜನನಾಂಗ ಸುಟ್ಟುಹೋಯಿತು. ದಿಕ್ಕು ತೋಚದೆ ಕೂತಿದ್ದ ತಂದೆತಾಯಿಗೆ, ಹೆಣ್ಣಾಗಿ ಬೆಳೆಸಿ, ಹೆಣ್ಣೇ ಆಗುತ್ತದೆ ಎಂದರು ಮನಿ. ಎರಡು ತುಂಬುವ ಮೊದಲೇ ಶಸ್ತ್ರಚಿಕಿತ್ಸೆ ಆಯಿತು. ಬ್ರೂಸ್ ಬ್ರೆಂಡಾ ಆದ. ಫ್ರಾಕು, ಬೊಂಬೆ, ಮುಂದೆ ಹಾರ್ಮೋನು, ಯಾವುದಕ್ಕೂ ಕೊರತೆ ಮಾಡಲಿಲ್ಲ. ಪ್ರಯೋಗ ಗೆದ್ದಿತೆಂದು ಮನಿ ಬರೆದರು, ಲೋಕ ನಂಬಿತು. ಮನೆಯಲ್ಲಿ ಆ ಮಗು ಫ್ರಾಕು ಕಿತ್ತು ಬಿಸಾಕುತ್ತಿತ್ತು, ಶಾಲೆಯಲ್ಲಿ ಒಬ್ಬಂಟಿಯಾಗಿ ನರಳುತ್ತಿತ್ತು. 1980ರಲ್ಲಿ, ಹದಿನಾಲ್ಕರ ವಯಸ್ಸಿನಲ್ಲಿ, ಅಪ್ಪ ಎಲ್ಲವನ್ನೂ ಹೇಳಿದ. ಕೇಳಿದ ಕೂಡಲೇ ಗಂಡಾಗಿ ಬಾಳಲು ನಿರ್ಧರಿಸಿ ಡೇವಿಡ್ ರೈಮರ್ ಆದ. ನಿಜ ಸಂಗತಿ ವೈದ್ಯರ ಪತ್ರಿಕೆಯಲ್ಲಿ ಬರಲು 1997ರವರೆಗೆ ಕಾಯಬೇಕಾಯಿತು. ಆ ಬಾಲ್ಯದ ನೋವು ಅವನನ್ನು ಕೊನೆವರೆಗೂ ಬಿಡಲಿಲ್ಲ. ಇದನ್ನು ನೆನೆದರೆ ನನಗೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಹಾಗಂತ ಎಲ್ಲ ಹುಟ್ಟಿನಲ್ಲೇ ಬರೆದಿದೆ ಅನ್ನಲಾರೆ. ಇಂಥದೇ ಅನಾಹುತಕ್ಕೆ ಸಿಕ್ಕಿ, ಇನ್ನೂ ಎಳೆಯದಿರುವಾಗಲೇ ಹೆಣ್ಣಾಗಿ ಬೆಳೆದ ಇನ್ನೊಂದು ಮಗು ದೊಡ್ಡದಾದ ಮೇಲೂ ತಾನು ಹೆಣ್ಣೆಂದೇ ಹೇಳಿತು. ಅದು 1998ರಲ್ಲಿ ಪ್ರಕಟವಾಯಿತು. ಗರ್ಭದ ಹಾರ್ಮೋನು, ವಂಶವಾಹಿ, ಮನೆಯ ಮಾತು, ಎಲ್ಲ ಹೆಣೆದುಕೊಂಡಿರುತ್ತವೆ. ಯಾವ ಎಳೆ ಎಷ್ಟು ಎಂದು ಒಂದು ಮಗುವನ್ನು ನೋಡಿ ಯಾರೂ ಬಿಡಿಸಿ ಹೇಳಲಾರರು, ನಿನ್ನ ಅತ್ತೆಯೂ ಹೇಳಲಾರರು, ನಾನೂ ಹೇಳಲಾರೆ. ಆಟ, ಬಟ್ಟೆ, ನಾಚಿಕೆ, ಅಡುಗೆಮನೆ ಯಾರದು ಎಂಬ ಲೆಕ್ಕ, ಇವನ್ನೆಲ್ಲ ಕಲಿಸುವುದು ನಾವೇ. ‘ನಾನು ಯಾರು’ ಎಂಬುದು ಬ್ಯಾಟಿನಿಂದ ಬರುವುದಿಲ್ಲ, ಫ್ರಾಕು ತೊಡಿಸಿದರೆ ಹೋಗುವುದೂ ಇಲ್ಲ.

ಪಾಪು ನಾಳೆ ಬೇರೆ ಮಾತು ಹೇಳಬಹುದು, ಇದನ್ನೇ ಹೇಳಬಹುದು. ಈ ವಯಸ್ಸಿಗೆ ಔಷಧಿ, ಆಪರೇಷನ್ ಯಾವುದರ ಮಾತೂ ಇಲ್ಲ, ಆ ಭಯ ಬಿಡು. ಗದರಿಸಬೇಡ, ಪರೀಕ್ಷೆ ಮಾಡುವವಳ ಹಾಗೆ ದಿನಾ ಕೆದಕಲೂ ಬೇಡ. ಮಂಕಾಗಿ ಕೂತರೆ, ಊಟ ನಿದ್ದೆ ಕೆಟ್ಟರೆ ಮಾತ್ರ ಮಕ್ಕಳ ಮನೋವೈದ್ಯರಿಗೆ ತೋರಿಸೋಣ. ನಾನೂ ಜೊತೆಗೆ ಬರುತ್ತೇನೆ.

ಯುಗಾದಿಗೆ ಲಂಗ ಹೊಲಿಸಲೇಬೇಕು ಎಂದು ನಿನ್ನ ಅತ್ತೆ ಹಟ ಹಿಡಿದರೆ ನೀನು ಜಗಳ ಆಡಬೇಡ, ಫೋನು ನನಗೆ ಕೊಡು. ಬೀಗಿತ್ತಿಯ ಹತ್ತಿರ ನಾನೇ ಮಾತಾಡುತ್ತೇನೆ. ಪಾಪುವಿನ ಅಂಗಿಯ ಅಳತೆ ಕಳಿಸು.

ನಿನ್ನ
ಅಮ್ಮ