ಸೈಕಲ್ಲಿನ ಉತ್ತರಗಳ ಬಗ್ಗೆ ತಮ್ಮನಿಗೊಂದು ಕಾಗದ

ಯುಟ್ರೆಕ್ಟ್, ನೆದರ್ಲೆಂಡ್ಸ್
ಭಾನುವಾರ

ಪ್ರೀತಿಯ ತಮ್ಮನಿಗೆ ಅಕ್ಕನ ಆಶೀರ್ವಾದಗಳು.

ನಾನು ಇಲ್ಲಿ ಕ್ಷೇಮ. ಅಪ್ಪ, ಅಮ್ಮ, ನೀನು ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಭಾಷಾ ಪರೀಕ್ಷೆಯಲ್ಲಿನ ಮಾತಿನ ಪರೀಕ್ಷೆಗೆಂದು ನೀನು ರೆಕಾರ್ಡ್ ಮಾಡಿ ಕಳುಹಿಸಿದ ಸೈಕಲ್ಲಿನ ಉತ್ತರಗಳನ್ನು ಮೂರು ಸಲ ಕೇಳಿದೆ. ಫೋನಿನಲ್ಲಿ ಹೇಳಿದ್ದು ಅರ್ಧ ಮರೆತುಹೋಗುತ್ತದೆ, ಆದ್ದರಿಂದ ಕಾಗದವನ್ನೇ ಬರೆಯುತ್ತಿದ್ದೇನೆ.

‘ನಿಮ್ಮಲ್ಲಿ ಸೈಕಲ್ ಇದೆಯೇ?’ ಎಂಬ ಸರಳ ಪ್ರಶ್ನೆಗೆ ನೀನು ವಾಯುಮಾಲಿನ್ಯ, ಇಂಧನ ಉಳಿತಾಯ, ಹೃದಯದ ಆರೋಗ್ಯ ಎಂದು ಒಂದೇ ಉಸಿರಿನಲ್ಲಿ ಒಪ್ಪಿಸಿದ್ದೀಯೆ. ಹೇಳಿದ್ದು ಸುಳ್ಳಲ್ಲ, ಆದರೆ ಅದು ನಿನ್ನ ಮಾತಲ್ಲ. ಬಾಯಿಪಾಠದ ಉತ್ತರ ಪರೀಕ್ಷಕರಿಗೆ ಬೇಗ ಗೊತ್ತಾಗಿಬಿಡುತ್ತದೆ. ನಾನೂ ಮೊದಲ ಸಲ ಹಾಗೆಯೇ ಉರುಹೊಡೆದುಕೊಂಡು ಹೋಗಿದ್ದೆ. ನಡುವೆ ಒಂದು ಪದ ಮರೆತದ್ದೇ ತಡ, ಮುಂದಿನದೆಲ್ಲ ಕೈಬಿಟ್ಟುಹೋಯಿತು.

ನಿನ್ನಲ್ಲಿ ಹೇಳಲು ಎಷ್ಟೊಂದಿದೆ! ಸೀಟಿನ ಮೇಲೆ ಕುಳಿತರೆ ಕಾಲು ಎಟಕುವುದಿಲ್ಲವೆಂದು ಅಪ್ಪನ ಸೈಕಲ್ಲಿನ ಬಾರಿನ ಕೆಳಗೆ ಬಲಗಾಲು ತೂರಿಸಿ, ಮೈಯನ್ನೆಲ್ಲ ಒಂದು ಕಡೆಗೆ ವಾಲಿಸಿಕೊಂಡು, ಕೆರೆ ಏರಿಯ ಮೇಲೆ ಒಳಪೆಡಲ್ ಹೊಡೆಯುತ್ತಾ ನೀನು ಕಲಿತದ್ದನ್ನು ನಾನು ಹಿಂದೆ ಓಡುತ್ತಲೇ ನೋಡಿದ್ದೇನೆ. ಮಾತಿನ ಪರೀಕ್ಷೆಯ ಎರಡನೆಯ ಭಾಗದಲ್ಲಿ ‘ನೀವು ಚಿಕ್ಕಂದಿನಲ್ಲಿ ಕಲಿತ ಒಂದು ಕೌಶಲ’ ಎಂಬಂಥ ಚೀಟಿ ಬಂದರೆ, 1 ನಿಮಿಷ ಯೋಚಿಸಿಕೊಂಡು 2 ನಿಮಿಷದವರೆಗೆ ಮಾತನಾಡಲು ಇದೊಂದೇ ಸಾಕು. ಒಳಪೆಡಲ್‌ಗೆ ಇಂಗ್ಲಿಷ್ ಪದ ಹುಡುಕುತ್ತಾ ನಿಲ್ಲಬೇಡ. ‘ಮೈ ಲೆಗ್ಸ್ ವರ್ ಟೂ ಶಾರ್ಟ್, ಸೋ ಐ ಪುಟ್ ಒನ್ ಲೆಗ್ ಥ್ರೂ ದ ಫ್ರೇಮ್’ ಎಂದರೆ ಆಯಿತು. ಗೊತ್ತಿಲ್ಲದ ಪದವನ್ನು ಗೊತ್ತಿರುವ ಪದಗಳಲ್ಲಿ ಬಿಡಿಸಿ ಹೇಳುವುದಕ್ಕೂ ಪದಸಂಪತ್ತಿನ ಲೆಕ್ಕದಲ್ಲಿ ಬೆಲೆಯಿದೆ.

ಇನ್ನು ವ್ಯಾಕರಣ. ‘ಐ ವಾಸ್ ಗೋಯಿಂಗ್ ಟು ಸ್ಕೂಲ್ ಬೈ ಸೈಕಲ್ ಡೈಲಿ’ ಎಂದಿದ್ದೀಯೆ. ಕನ್ನಡದ ‘ಹೋಗುತ್ತಿದ್ದೆ’ ಎಂಬುದು ರೂಢಿಯನ್ನೂ ಹೇಳುತ್ತದೆ, ಆ ಗಳಿಗೆಯಲ್ಲಿ ನಡೆಯುತ್ತಿದ್ದುದನ್ನೂ ಹೇಳುತ್ತದೆ. ಇಂಗ್ಲಿಷಿನವರ ಕಿವಿಗೆ ‘ವಾಸ್ ಗೋಯಿಂಗ್’ ಎರಡನೆಯದಾಗಿ ಮಾತ್ರ ಕೇಳಿಸುತ್ತದೆ. ರೂಢಿಗೆ ‘ಐ ಯೂಸ್ಡ್ ಟು ಸೈಕಲ್ ಟು ಸ್ಕೂಲ್ ಎವ್ರಿ ಡೇ’ ಎನ್ನಬೇಕು. ಅದೇ ರೀತಿ ‘ಐ ಆಮ್ ಹ್ಯಾವಿಂಗ್’ ಬೇಡ, ‘ಐ ಹ್ಯಾವ್’ ಸಾಕು. ಚೈನು ಕಳಚಿದ್ದಕ್ಕೆ ‘ಚೈನ್ ಫೆಲ್’ ಎಂದೆಯಲ್ಲ, ‘ದ ಚೈನ್ ಕೇಮ್ ಆಫ್’ ಎನ್ನುವುದು ವಾಡಿಕೆ.

ಒಂದು ಪದದ ಬಗ್ಗೆ ಎಚ್ಚರವಿರಲಿ. ನಮ್ಮಲ್ಲಿ ಬೈಕ್ ಎಂದರೆ ಮೋಟಾರ್ ಬೈಕ್, ಇಲ್ಲಿ ಇಂಗ್ಲಿಷ್ ಮಾತನಾಡುವವರಿಗೆ ಬೈಕ್ ಎಂದರೆ ಸಾಮಾನ್ಯವಾಗಿ ಸೈಕಲ್ಲೇ. ಅಪ್ಪ ಬೈಕಿನಲ್ಲಿ 40 ಕಿಲೋಮೀಟರ್ ದೂರದ ಹಾಸನಕ್ಕೆ ಹೋಗುತ್ತಾರೆ ಎಂದು ನೀನು ಹೇಳಿದರೆ, ಈ ವಯಸ್ಸಿನಲ್ಲಿ ಅಷ್ಟು ದೂರ ತುಳಿಯುತ್ತಾರೆಯೇ ಎಂದುಕೊಂಡಾರು. ಉಚ್ಚಾರಣೆಯಲ್ಲಿ ನೀನು ‘ಬೈಸೈಕಲ್’ ಎನ್ನುತ್ತೀಯೆ. ಅದು ‘ಬೈಸಿಕಲ್’, ಒತ್ತು ಮೊದಲಿನ ‘ಬೈ’ ಮೇಲೆ. ನಮಗೆ ಇರುವುದು ಒಂದೇ ‘ವ’. ಅವರ ‘ವ್ಹೀಲ್’ ಹೇಳುವಾಗ ತುಟಿ ದುಂಡಾಗಬೇಕು, ಕೆಳತುಟಿಗೆ ಹಲ್ಲು ತಾಗಬಾರದು. ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡು. ನಿರರ್ಗಳತೆ, ಪದಸಂಪತ್ತು, ವ್ಯಾಕರಣ, ಉಚ್ಚಾರಣೆ ನಾಲ್ಕಕ್ಕೂ ಅಂಕಗಳಲ್ಲಿ ಸಮಪಾಲು ಇರುವುದರಿಂದ ಒಂದನ್ನೇ ಹಿಡಿದು ಕೂರಬೇಡ.

ಮೂರನೆಯ ಭಾಗದಲ್ಲಿ, ನಗರಗಳಲ್ಲಿ ಜನ ಸೈಕಲ್ ಏಕೆ ಬಿಟ್ಟರು, ಸರ್ಕಾರ ಏನು ಮಾಡಬೇಕು ಎಂಬಂಥ ಪ್ರಶ್ನೆಗಳು ಬರುತ್ತವೆ. ಪರಿಸರದ ಮಾತಿಗೆ ಅಲ್ಲಿ ಜಾಗವಿದೆ, ಆದರೆ ಅಭಿಪ್ರಾಯದ ಬೆನ್ನಿಗೇ ಕಾರಣವೂ ಉದಾಹರಣೆಯೂ ಬರಲಿ. ನಾನಿರುವ ಯುಟ್ರೆಕ್ಟ್‌ನ ರೈಲು ನಿಲ್ದಾಣದ ಕೆಳಗೆ ಸುಮಾರು 12,500 ಸೈಕಲ್‌ಗಳಿಗೆ ಜಾಗವಿದೆ. ಪ್ರತ್ಯೇಕ ದಾರಿ ಇರುವುದರಿಂದ ಎಂಟು ವರ್ಷದ ಮಗುವೂ ಲಾರಿಯ ಹೆದರಿಕೆಯಿಲ್ಲದೆ ಶಾಲೆಗೆ ಹೋಗುತ್ತದೆ. ಇದನ್ನು ಬೇಕಾದರೆ ನನ್ನ ಹೆಸರಿನಲ್ಲಿ ಹೇಳು. ಆದರೆ ನಮ್ಮ ನಾಡಿನದೇ ಉದಾಹರಣೆಗಳಿವೆ: 2017ರಲ್ಲಿ ಮೈಸೂರಿನಲ್ಲಿ ಶುರುವಾದ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್‌ಗಳು, 2006-07ರಿಂದ 8ನೇ ತರಗತಿಯ ಮಕ್ಕಳಿಗೆಂದು ಸರ್ಕಾರ ಆರಂಭಿಸಿದ ಉಚಿತ ಸೈಕಲ್ ಯೋಜನೆ. ನಿನಗೂ ಸಿಕ್ಕಿತ್ತಲ್ಲ! ಬಸ್ಸಿಲ್ಲದ ಊರಿನ ಹುಡುಗಿಯರಿಗೆ ಆ ಸೈಕಲ್ ಏನಾಗಿತ್ತೆಂದು ನೀನು ಕಣ್ಣಾರೆ ಕಂಡವನು, ಅದನ್ನೇ ಹೇಳು.

ಬುಧವಾರದೊಳಗೆ ಒಳಪೆಡಲ್ ಕಲಿತ ಕಥೆಯನ್ನು, ಬರೆದುಕೊಳ್ಳದೆ, ಹೊಸದಾಗಿ ಹೇಳಿ ಕಳುಹಿಸು. ಅದಕ್ಕೆ ಮೊದಲು, ಅಂದು ನಿನ್ನ ಚಡ್ಡಿಗೆ ಮೆತ್ತಿದ್ದ ಚೈನಿನ ಕಪ್ಪನ್ನು ಏನು ಹಾಕಿ ಉಜ್ಜಿ ತೆಗೆದಳೆಂದು ಅಮ್ಮನನ್ನು ಕೇಳಿಕೋ. ಅದೂ ಉತ್ತರದಲ್ಲಿ ಬರಲಿ.

ಅಪ್ಪ ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು.

ಇಂತಿ ನಿನ್ನ ಪ್ರೀತಿಯ
ಅಕ್ಕ