ಡಬ್ಬಿ ತುಂಬುವ ಮೊದಲು ಊಟದ ಹೊತ್ತು ಕೇಳಿ

ಮಾನ್ಯ ಸಂಪಾದಕರೇ,

ಶಾಲೆ ಶುರುವಾಯಿತೆಂದರೆ ಪತ್ರಿಕೆಗಳ ಪುರವಣಿಯಲ್ಲಿ ಊಟದ ಡಬ್ಬಿಯ ಅಡುಗೆಗಳು ಬರುತ್ತವೆ. ನಾನು ಅವನ್ನು ಕತ್ತರಿಸಿ ಒಂದು ಹಳೇ ಡೈರಿಯಲ್ಲಿ ಅಂಟಿಸಿ ಇಟ್ಟುಕೊಂಡಿದ್ದೇನೆ. ಸುಮಾರು ಮಾಡಿಯೂ ನೋಡಿದ್ದೇನೆ. ಆದರೆ ನಾನು ಓದಿದ ಯಾವ ಅಡುಗೆಯಲ್ಲೂ ಒಂದು ವಿಷಯ ಇರಲಿಲ್ಲ. ಈ ಡಬ್ಬಿಯ ಮುಚ್ಚಳ ಎಷ್ಟು ಗಂಟೆಗೆ ತೆಗೆಯುತ್ತಾರೆ? ಎಲ್ಲಿ ಕೂತು ತಿನ್ನುತ್ತಾರೆ? ತಿನ್ನಲು ಎಷ್ಟು ನಿಮಿಷ ಸಿಗುತ್ತದೆ? ನನ್ನ ಮಟ್ಟಿಗೆ ಡಬ್ಬಿಯ ಅಡುಗೆ ಶುರುವಾಗುವುದೇ ಇಲ್ಲಿಂದ. ಅದಕ್ಕೇ ಈ ಪತ್ರ.

ನಮ್ಮದು ಮಹಾಲಕ್ಷ್ಮಿ ಬಡಾವಣೆ. ದಿನಾ ಬೆಳಿಗ್ಗೆ ಮೂರು ಡಬ್ಬಿ ಕಟ್ಟುತ್ತೇನೆ. ಗಂಡ ಬಸ್ ಡ್ರೈವರ್. ಬೆಳಿಗ್ಗೆ ಐದೂವರೆಗೆ ಮನೆ ಬಿಡುತ್ತಾರೆ. ಅವರ ಊಟ ಒಂದು ದಿನ 11ಕ್ಕೆ, ಒಂದು ದಿನ 2ಕ್ಕೆ. ಅದು ರಿಂಗ್ ರಸ್ತೆಯ ಟ್ರಾಫಿಕ್ ಹೇಗಿದೆ ಅನ್ನುವುದರ ಮೇಲೆ. ನಾನು ಪೀಣ್ಯದಲ್ಲಿ ಒಂದು ಸಣ್ಣ ಕಾರ್ಖಾನೆಯಲ್ಲಿ ಲೆಕ್ಕ ಬರೆಯುತ್ತೇನೆ. ನನ್ನ ಊಟ ಒಂದೂವರೆಗೆ. ಮಗಳು ಮೂರನೇ ಕ್ಲಾಸು. ಅವಳ ಊಟದ ಬೆಲ್ 12.30ಕ್ಕೆ. ಒಂದೇ ಒಲೆ, ಒಂದೇ ಕೈ, ಆದರೂ ಮೂರೂ ಡಬ್ಬಿಗೆ ಒಂದೇ ಅಡುಗೆ ಹಾಕಿದರೆ ಯಾರಾದರೂ ಒಬ್ಬರು ಹಸಿದು ಬರುತ್ತಾರೆ. ಇದು ನನಗೆ ಗೊತ್ತಾಗಲು ಬಹಳ ದಿನ ಹಿಡಿಯಿತು.

ಮೊದಲು ಗಂಡನ ಡಬ್ಬಿ. ಎರಡು ವರ್ಷದ ಹಿಂದೆ ಏಪ್ರಿಲ್‌ನಲ್ಲಿ ಇಡ್ಲಿ ಜೊತೆ ಹಸಿ ತೆಂಗಿನಕಾಯಿ ಚಟ್ನಿ ಹಾಕಿ ಕಳಿಸಿದ್ದೆ. ಅವರ ಬಸ್ಸಿನ ಎಂಜಿನ್ ಮುಂದುಗಡೆ, ಡ್ರೈವರ್ ಪಕ್ಕದಲ್ಲೇ ಇತ್ತು. ಚೀಲ ಇಟ್ಟಿದ್ದು ಅದರ ಹತ್ತಿರ. ಮಧ್ಯಾಹ್ನ ಡಬ್ಬಿ ತೆಗೆದರೆ ಚಟ್ನಿ ನೊರೆ ಬಂದು ವಾಸನೆ ಹೊಡೆಯುತ್ತಿತ್ತಂತೆ. ಅವತ್ತು ಎರಡು ಬಾಳೆಹಣ್ಣು ತಿಂದು ಸಂಜೆವರೆಗೆ ಗಾಡಿ ಓಡಿಸಿದರು. ಮನೆಗೆ ಬಂದು ಏನೂ ಹೇಳಲಿಲ್ಲ. ಡಬ್ಬಿ ತೊಳೆಯುವಾಗ ನನಗೇ ಗೊತ್ತಾಯಿತು. ಆವತ್ತಿನಿಂದ ಬೇಸಿಗೆಯಲ್ಲಿ ಹಸಿ ಕಾಯಿ ಅವರ ಡಬ್ಬಿಗೆ ಹಾಕಿಲ್ಲ. ಹುರಿಗಡಲೆ ಚಟ್ನಿಪುಡಿ, ಶೇಂಗಾ ಚಟ್ನಿಪುಡಿ, ಅದಕ್ಕೆ ಸ್ವಲ್ಪ ತುಪ್ಪ. ಕಾಯಿ ಬೇಕೇ ಬೇಕು ಅನ್ನಿಸಿದರೆ ಒಣ ಕೊಬ್ಬರಿ.

ಹೊತ್ತು ಗೊತ್ತಿಲ್ಲದ ಊಟಕ್ಕೆ ಹುಳಿಯ ಅಡುಗೆಯೇ ಸರಿ. ಹುಣಸೆಹಣ್ಣಿನ ಹುಳಿ ಅಡುಗೆ ಬೇಗ ಕೆಡದಂತೆ ತಡೆಯುತ್ತದೆ. ನಮ್ಮ ಹಿರಿಯರು ದೂರದ ಪ್ರಯಾಣಕ್ಕೆ ಪುಳಿಯೋಗರೆಯನ್ನೇ ಕಟ್ಟಿಕೊಂಡು ಹೋಗುತ್ತಿದ್ದದ್ದು ಸುಮ್ನೆ ಅಲ್ಲ. ಗೊಜ್ಜನ್ನು ನಾನು ಭಾನುವಾರ ಮಾಡಿಡುತ್ತೇನೆ. ದೊಡ್ಡ ನಿಂಬೆ ಗಾತ್ರದ ಎರಡು ಉಂಡೆ ಹುಣಸೆಹಣ್ಣು ನೆನೆಸಿ ಗಟ್ಟಿ ರಸ ತೆಗೆಯಬೇಕು. ಜಾಸ್ತಿ ಎಳ್ಳೆಣ್ಣೆಯಲ್ಲಿ ಸಾಸಿವೆ, ಕಡಲೆಬೇಳೆ, ಶೇಂಗಾ, ಕರಿಬೇವು, ಇಂಗು ಒಗ್ಗರಣೆ. ರಸ, ಅರಿಶಿನ, ಉಪ್ಪು, ಅಡಿಕೆ ಗಾತ್ರದ ಬೆಲ್ಲ ಹಾಕಿ ಕುದಿಸಬೇಕು. ಕೊತ್ತಂಬರಿ ಬೀಜ, ಜೀರಿಗೆ, ಮೆಂತ್ಯ, ಬ್ಯಾಡಗಿ ಮೆಣಸಿನಕಾಯಿ, ಬಿಳಿ ಎಳ್ಳು ಹುರಿದು ಮಾಡಿದ ಪುಡಿಯನ್ನು ಕೊನೆಗೆ ಹಾಕಬೇಕು. ಮೆಂತ್ಯ ಕಾಲು ಚಮಚಕ್ಕಿಂತ ಜಾಸ್ತಿ ಬೇಡ, ಕಹಿಯಾಗುತ್ತದೆ. ಎಣ್ಣೆ ಅಂಚಿನಲ್ಲಿ ಬಿಟ್ಟುಕೊಂಡಾಗ ಇಳಿಸಿ, ಪೂರ್ತಿ ಆರಿದ ಮೇಲೆ ಗಾಜಿನ ಬಾಟಲಿಗೆ. ಒದ್ದೆ ಚಮಚ ಹಾಕದಿದ್ದರೆ ಫ್ರಿಜ್‌ನಲ್ಲಿ ಎರಡು ವಾರ ಏನೂ ಆಗುವುದಿಲ್ಲ. ಬೆಳಿಗ್ಗೆ ಉದುರು ಅನ್ನಕ್ಕೆ ಕಲಸಿದರೆ ಐದು ನಿಮಿಷದ ಕೆಲಸ.

ಅನ್ನದ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. ರಾತ್ರಿ ಉಳಿದ ಅನ್ನವನ್ನು ಪಾತ್ರೆಯಲ್ಲೇ ಹೊರಗೆ ಬಿಟ್ಟು, ಬೆಳಿಗ್ಗೆ ಚಿತ್ರಾನ್ನ ಮಾಡಿ ಡಬ್ಬಿಗೆ ಹಾಕುವವರು ನಮ್ಮಲ್ಲಿ ಬಹಳ. ನಾನೂ ಹಾಕುತ್ತಿದ್ದೆ. ಅನ್ನ ಬೆಂದರೂ ಸಾಯದ ಒಂದು ಬ್ಯಾಕ್ಟೀರಿಯಾ ಇದೆ, ಬ್ಯಾಸಿಲಸ್ ಸೀರಿಯಸ್ ಅಂತ ಹೆಸರು. ಅದರ ಬೀಜಾಣುಗಳು ಬೇಯಿಸಿದರೂ ಉಳಿಯುತ್ತವೆ. ಅನ್ನ ಹೊರಗೆ ಬೆಚ್ಚಗೆ ಇದ್ದಷ್ಟೂ ಹೊತ್ತು ಬೆಳೆದು ವಿಷ ಬಿಡುತ್ತವೆ. ಆಮೇಲೆ ಎಷ್ಟು ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಹಾಗಾಗಿ ಚಿತ್ರಾನ್ನಕ್ಕೆ ಬೇಕಾದ ಅನ್ನವನ್ನು ರಾತ್ರಿ ಊಟ ಮುಗಿದ ತಕ್ಷಣ ತಟ್ಟೆಯಲ್ಲಿ ಹರಡಿ, ಆರಿದ ಕೂಡಲೇ ಫ್ರಿಜ್‌ಗೆ ಇಡಿ. ಫ್ರಿಜ್ ಇಲ್ಲದವರು ಬೆಳಿಗ್ಗೆ ಹೊಸದಾಗಿ ಒಂದು ಲೋಟ ಅಕ್ಕಿ ಇಟ್ಟುಕೊಳ್ಳುವುದೇ ಒಳ್ಳೆಯದು. ನಿಂಬೆರಸ ಮಾತ್ರ ಒಲೆ ಆರಿಸಿದ ಮೇಲೆ ಹಿಂಡಿ. ಇಲ್ಲದಿದ್ದರೆ ಮಧ್ಯಾಹ್ನದ ಹೊತ್ತಿಗೆ ಕಹಿ ಬರುತ್ತದೆ.

ನನ್ನ ಡಬ್ಬಿಗೆ ಇಷ್ಟೆಲ್ಲ ಯೋಚನೆ ಬೇಡ. ಹಿಂದಿನ ದಿನದ ಹುಳಿ ಬಿಸಿ ಮಾಡಿ ಒಂದು ಡಬ್ಬಿ, ಹೊಸ ಅನ್ನ ಇನ್ನೊಂದು. ಕೋಸಂಬರಿ ಒಯ್ದರೆ ಉಪ್ಪನ್ನು ಪೊಟ್ಟಣದಲ್ಲಿ ಬೇರೆ ಇಟ್ಟುಕೊಳ್ಳುತ್ತೇನೆ. ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಟ್ಟು ಡಬ್ಬಿಯೆಲ್ಲ ಒದ್ದೆ. ನಮ್ಮ ಮಾಲೀಕರು ಹೊಂಗೆ ಮರದ ಕೆಳಗೆ ಎರಡು ಬೆಂಚು ಹಾಕಿಸಿದ್ದಾರೆ. ಎಲ್ಲರೂ ಅಲ್ಲೇ ಕೂರುತ್ತೇವೆ. ನಮ್ಮಲ್ಲಿ ಲೇತ್ ಮೇಲೆ ಕೆಲಸ ಮಾಡುವ ವಿಜಯಪುರದ ಕಡೆಯ ಹುಡುಗನೊಬ್ಬ ಲಗ್ಗೆರೆಯಲ್ಲಿ ರೂಮು ಮಾಡಿಕೊಂಡಿದ್ದಾನೆ. ಬೆಳಿಗ್ಗೆ ಅಡುಗೆ ಮಾಡಲು ಅವನಿಗೆ ಹೊತ್ತಿಲ್ಲ. ಅವರಮ್ಮ ಊರಿಂದ ಬಸ್ಸಿನಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ (ಆ ಕಡೆ ಶೇಂಗಾ ಚಟ್ನಿಪುಡಿಗೆ ಹೀಗೆನ್ನುತ್ತಾರೆ) ಕಳಿಸುತ್ತಾರೆ. ಜೋಳದ ರೊಟ್ಟಿಯನ್ನು ಪೂರ್ತಿ ಒಣಗಿಸಿದ್ದರಿಂದ ವಾರಗಟ್ಟಲೆ ಕೆಡುವುದಿಲ್ಲ. ಅವನು ರಾತ್ರಿ ಹೆಸರುಕಾಳು ನೆನೆಸಿ, ಮರುದಿನ ಬಟ್ಟೆಯಲ್ಲಿ ಕಟ್ಟಿಟ್ಟು ಮೊಳಕೆ ಬರಿಸುತ್ತಾನೆ. ರೊಟ್ಟಿ ಮುರಿದು, ಹಿಂಡಿಗೆ ಮೊಸರು ಕಲಸಿ, ಮೇಲೆ ಕಾಳು, ಹಸಿ ಈರುಳ್ಳಿ. ಒಲೆಯೇ ಬೇಡ. ಒಂಟಿಯಾಗಿ ರೂಮಿನಲ್ಲಿರುವ ಹುಡುಗ ಹುಡುಗಿಯರಿಗೆ ಇದಕ್ಕಿಂತ ಸುಲಭದ, ಹೊಟ್ಟೆ ತುಂಬುವ ಊಟ ನಾನು ಕಂಡಿಲ್ಲ. ಈಗ ನನ್ನ ಮನೆಯಲ್ಲೂ ತಿಂಗಳಿಗೊಮ್ಮೆ ರೊಟ್ಟಿ ತರಿಸಿಟ್ಟುಕೊಳ್ಳುತ್ತೇನೆ. ಎದ್ದೇಳಲು ತಡವಾದ ದಿನ ಅದೇ ನನ್ನ ಡಬ್ಬಿ.

ಇನ್ನು ಮಗಳ ಡಬ್ಬಿ. ನಾನು ಈ ಪತ್ರ ಬರೆಯಲು ನಿಜವಾದ ಕಾರಣ ಅದೇ.

ಕಳೆದ ವರ್ಷ ಎರಡು ತಿಂಗಳು ಅವಳ ಡಬ್ಬಿ ಅರ್ಧಕ್ಕರ್ಧ ವಾಪಸ್ ಬರುತ್ತಿತ್ತು. ಕೇಳಿದರೆ ‘ಟೈಮ್ ಆಗಲಿಲ್ಲ ಅಮ್ಮ’ ಎನ್ನುತ್ತಿದ್ದಳು. ನಾನು ನಂಬಲಿಲ್ಲ. ಬೈದೆ. ಒಂದು ದಿನ ಹೊಡೆದೂ ಬಿಟ್ಟೆ. ಅದನ್ನು ನೆನೆದರೆ ಈಗಲೂ ಕರುಳು ಚುರ್ ಅನ್ನುತ್ತದೆ. ಆಮೇಲೆ ಒಂದು ಅರ್ಜಿಗೆ ಸಹಿ ಹಾಕಲು ಮಧ್ಯಾಹ್ನ ಶಾಲೆಗೆ ಹೋಗಿದ್ದೆ. ಸರಿಯಾಗಿ ಊಟದ ಬೆಲ್ ಹೊಡೆಯಿತು. ಕಿಟಕಿ ಪಕ್ಕ ನಿಂತು ನೋಡಿದೆ. ಮಕ್ಕಳು ಪುಸ್ತಕ ಚೀಲಕ್ಕೆ ಹಾಕಿ, ಸಾಲು ಮಾಡಿ, ಕೈ ತೊಳೆಯಲು ಹೋದರು. ಇಡೀ ಮಹಡಿಗೆ ನಾಲ್ಕು ನಲ್ಲಿ. ನನ್ನ ಮಗಳು ವಾಪಸ್ ಬಂದು ಕೂರುವಾಗ ಗಡಿಯಾರದಲ್ಲಿ 12.39. ಡಬ್ಬಿ ತೆಗೆಯಲು ಹೋದರೆ ಮುಚ್ಚಳ ಬರುತ್ತಿಲ್ಲ. ಪಕ್ಕದ ಹುಡುಗಿಗೆ ಕೊಟ್ಟಳು, ಅವಳಿಗೂ ಬರಲಿಲ್ಲ. ಟೀಚರ್ ಬಂದು ತೆಗೆದುಕೊಟ್ಟರು. ನಾಲ್ಕು ತುತ್ತು ಚಪಾತಿ ಹರಿದು ತಿಂದಳು. 12.50ಕ್ಕೆ ಬೆಲ್. ಅವಳು ಹೇಳಿದ್ದು ನಿಜ.

ಮುಚ್ಚಳದ ತಪ್ಪು ನನ್ನದೇ. ಬಿಸಿ ಅಡುಗೆ ಹಾಕಿ ಗಾಳಿ ಆಡದ ಹಾಗೆ ಒತ್ತಿ ಮುಚ್ಚುತ್ತಿದ್ದೆ. ಒಳಗಿನ ಹಬೆ ತಣ್ಣಗಾದ ಮೇಲೆ ಮುಚ್ಚಳವನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ದೊಡ್ಡವರ ಕೈಗೇ ಕಷ್ಟ, ಎಂಟು ವರ್ಷದ ಮಗುವಿನ ಬೆರಳಿಗೆ ಹೇಗೆ ಬರುತ್ತದೆ? ಅದೇ ಹಬೆ ನೀರಾಗಿ ಇಳಿದು ಚಪಾತಿಯನ್ನು ಒದ್ದೆ ಮಾಡುತ್ತದೆ. ಈಗ ಅಡುಗೆಯನ್ನು ತಟ್ಟೆಯಲ್ಲಿ ಹರಡಿ, ಫ್ಯಾನ್ ಕೆಳಗೆ ಹತ್ತು ನಿಮಿಷ ಆರಿಸಿ ತುಂಬುತ್ತೇನೆ. ಹೊಸ ಡಬ್ಬಿ ತರುವಾಗ ಮಗಳನ್ನೇ ಅಂಗಡಿಗೆ ಕರೆದುಕೊಂಡು ಹೋಗಿ, ಅವಳ ಕೈಯಲ್ಲೇ ಮುಚ್ಚಳ ತೆಗೆಸಿ ನೋಡಿದೆ.

ಅಡುಗೆಯೂ ಬದಲಾಯಿತು. ಹತ್ತು ನಿಮಿಷದಲ್ಲಿ, ಹರಿಯದೆ, ಕಲಸದೆ, ಕೈಯಲ್ಲಿ ಹಿಡಿದು ತಿನ್ನುವಂಥದ್ದೇ ಆಗಬೇಕು. ಪಡ್ಡು ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ದೋಸೆ ಹಿಟ್ಟು ಹುಳಿ ಬಂದಿದ್ದರೆ ಇನ್ನೂ ಒಳ್ಳೆಯದು. ಸಣ್ಣಗೆ ಹೆಚ್ಚಿದ ಈರುಳ್ಳಿ, ಕ್ಯಾರೆಟ್ ತುರಿ, ಕೊತ್ತಂಬರಿ ಸೊಪ್ಪು ಹಾಕಿ ಕಾವಲಿಯ ಗುಳಿಗೆ ಬಿಟ್ಟರೆ ಒಂದು ಸಲಕ್ಕೆ ಏಳು ಪಡ್ಡು. ಎರಡು ತುತ್ತಿಗೆ ಒಂದು. ಮಧ್ಯಾಹ್ನವೂ ಮೆತ್ತಗೆ ಇರುತ್ತದೆ. ಪುಟ್ಟ ರವೆ ಇಡ್ಲಿಗೆ ತುಪ್ಪ, ಚಟ್ನಿಪುಡಿ ಸವರಿ ಹಾಕುತ್ತೇನೆ. ಪೂರಿ ಅಗಲದ ಸಣ್ಣ ಚಪಾತಿಗೆ ಬೆಲ್ಲ, ತುಪ್ಪ ಹಚ್ಚಿ ಸುರುಳಿ ಸುತ್ತಿದರೆ ಅದು ಖಾಲಿಯಾಗದೆ ಬಂದ ದಿನವೇ ಇಲ್ಲ. ಅವರೆಕಾಯಿ ಕಾಲದಲ್ಲಿ ಮಾತ್ರ ಚಮಚ ಕೊಟ್ಟು ಅವರೆಕಾಳು ಉಪ್ಪಿಟ್ಟು. ಅದು ಅವಳಿಗೆ ಅಷ್ಟು ಇಷ್ಟ.

ಮೊಸರನ್ನ ಹುಳಿಯಾಗುತ್ತದೆ ಎಂದು ಬಹಳ ಅಮ್ಮಂದಿರು ಬಿಟ್ಟೇ ಬಿಟ್ಟಿದ್ದಾರೆ. ಹೀಗೆ ಮಾಡಿ ನೋಡಿ. ಒಂದು ಬಟ್ಟಲು ಮೆತ್ತಗಿನ ಅನ್ನ ಕಿವುಚಿ, ಒಂದೂವರೆ ಬಟ್ಟಲು ಉಗುರುಬೆಚ್ಚಗಿನ ಹಾಲು ಹಾಕಿ, ಒಂದೇ ಒಂದು ಚಮಚ ಮೊಸರು ಬೆರೆಸಿ. ಹೆಪ್ಪು ಡಬ್ಬಿಯಲ್ಲೇ ಆಗುತ್ತದೆ. ಬೆಳಿಗ್ಗೆ 7ಕ್ಕೆ ತುಂಬಿದರೆ 12.30ಕ್ಕೆ ಸಿಹಿ ಮೊಸರನ್ನ. ಬೇಸಿಗೆಯಲ್ಲಿ ಅರ್ಧ ಚಮಚ ಸಾಕು. ಡಿಸೆಂಬರ್ ಚಳಿಯಲ್ಲಿ ಒಂದೂವರೆ ಬೇಕು. ಉಪ್ಪು ಕಡಿಮೆ ಇರಲಿ. ದಾಳಿಂಬೆ ಕಾಳು ಮೇಲೆ ಉದುರಿಸಿದರೆ ಮಕ್ಕಳು ಚಮಚ ಬಿಡುವುದಿಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ನನ್ನ ಮನಸ್ಸಿಗೆ ಸಮಾಧಾನ ಇಲ್ಲ. ಯಾಕೆಂದರೆ ನಾನು ಮಾಡಿದ್ದು ಆ ಇಪ್ಪತ್ತು ನಿಮಿಷಕ್ಕೆ ಹೊಂದಿಕೊಂಡದ್ದು ಅಷ್ಟೇ. 1948ರ ಫ್ಯಾಕ್ಟರಿ ಕಾಯ್ದೆ ಬರೆದವರು, 5 ಗಂಟೆಗಿಂತ ಜಾಸ್ತಿ ಒಂದೇ ಸಮನೆ ದುಡಿಸಬಾರದು, ಮಧ್ಯೆ ಕಡಿಮೆಯೆಂದರೂ ಅರ್ಧ ಗಂಟೆ ಬಿಡುವು ಕೊಡಬೇಕು ಎಂದು ಬರೆದರು. ಅದು ಕಬ್ಬಿಣ ಕೊರೆಯುವ ದೊಡ್ಡವರಿಗೆ. ಎಂಟು ವರ್ಷದ ಮಗುವಿಗೆ ಅಷ್ಟೂ ಬೇಡವೇ? ಮಗು ನಿಧಾನ ತಿನ್ನುತ್ತದೆ, ಪಕ್ಕದವರ ಡಬ್ಬಿ ನೋಡುತ್ತದೆ, ಒಂದು ತುತ್ತು ಹಂಚಿಕೊಳ್ಳುತ್ತದೆ. ಅದೂ ಊಟವೇ ಅಲ್ವಾ? ಕೈ ತೊಳೆಯುವ ಹೊತ್ತನ್ನು ಬಿಟ್ಟು ಅರ್ಧ ಗಂಟೆ ಕೊಡಿ ಎಂದು ನಾನು ಖಾಸಗಿ ಶಾಲೆಗಳ ಆಡಳಿತದವರನ್ನು ಕೈಮುಗಿದು ಕೇಳುತ್ತೇನೆ. ನಲ್ಲಿಗಳನ್ನು ಹೆಚ್ಚಿಸಿ. ಚಿಕ್ಕ ಕ್ಲಾಸುಗಳಲ್ಲಿ ಮುಚ್ಚಳ ತೆಗೆದುಕೊಡಲು ಒಬ್ಬ ಆಯಾ ಇರಲಿ. ಇದಕ್ಕೆ ಲಕ್ಷಗಟ್ಟಲೆ ದುಡ್ಡು ಬೇಕಾಗುವುದಿಲ್ಲ.

ಪ್ರವಾಸದ ಬುತ್ತಿಯ ಬಗ್ಗೆಯೂ ಒಂದೆರಡು ಮಾತು ಬರೆದುಬಿಡುತ್ತೇನೆ. ರಜೆ ಸಿಕ್ಕರೆ ನಾವು ಶಿವಗಂಗೆಗೋ ದೇವರಾಯನದುರ್ಗಕ್ಕೋ ಹೋಗುತ್ತೇವೆ. ಎರಡೂ ಕಡೆ ಕೋತಿಗಳಿವೆ. ಪ್ಲಾಸ್ಟಿಕ್ ಕವರ್ ಕಂಡರೆ ಸಾಕು, ಕಿತ್ತುಕೊಂಡೇ ಹೋಗುತ್ತವೆ. ಊಟವನ್ನು ಸ್ಟೀಲ್ ಕ್ಯಾರಿಯರ್‌ನಲ್ಲಿ ಹಾಕಿ, ಬಟ್ಟೆ ಚೀಲದೊಳಗಿಟ್ಟು, ಬೆಟ್ಟ ಹತ್ತುವ ಮೊದಲೇ ಮುಗಿಸಿಬಿಡುವುದು ಒಳ್ಳೆಯದು. ಚಪಾತಿ ಪಲ್ಯವನ್ನು ಬಾಳೆ ಎಲೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪೊಟ್ಟಣ ಕಟ್ಟಿದರೆ ತಟ್ಟೆಯೂ ಬೇಡ. ಎಲೆಯನ್ನು ಒಲೆಯ ಉರಿಯ ಮೇಲೆ ಸ್ವಲ್ಪ ಬಾಡಿಸಿಕೊಂಡರೆ ಮಡಚುವಾಗ ಹರಿಯುವುದಿಲ್ಲ. ಥರ್ಮೋಕೋಲ್ ತಟ್ಟೆಗಳನ್ನು ನಮ್ಮ ರಾಜ್ಯದಲ್ಲಿ 2016ರಲ್ಲೇ ನಿಷೇಧಿಸಿದ್ದಾರೆ. ಆದರೂ ಬೆಟ್ಟದ ಕೆಳಗೆ ರಾಶಿ ಬಿದ್ದಿರುವುದನ್ನು ನೋಡಿದರೆ ಸಂಕಟವಾಗುತ್ತದೆ.

ಬರುವ ಶನಿವಾರ ಮಗಳ ಶಾಲೆಯಲ್ಲಿ ಪೋಷಕರ ಸಭೆ ಇದೆ. ಊಟದ ಹೊತ್ತಿನ ವಿಷಯ ಎತ್ತಬೇಕೆಂದು ನಮ್ಮ ಬೀದಿಯ ಐದು ಜನ ತಾಯಂದಿರು ಮಾತಾಡಿಕೊಂಡಿದ್ದೇವೆ. ಅಷ್ಟರೊಳಗೆ ಈ ಪತ್ರವನ್ನು ನೀವು ಅಚ್ಚು ಹಾಕಿದರೆ, ಆ ಪುಟವನ್ನೇ ಕತ್ತರಿಸಿಕೊಂಡು ಸಭೆಗೆ ಒಯ್ಯುತ್ತೇನೆ.

ಇಂತಿ,
ಒಬ್ಬ ತಾಯಿ
ಮಹಾಲಕ್ಷ್ಮಿ ಬಡಾವಣೆ, ಬೆಂಗಳೂರು