ನ್ಯಾಯಮೂರ್ತಿಗಳ ಬದುಕು ಬೀದಿ ದೀಪಕ್ಕೇ ಮುಗಿಯಿತೇ?

ಮಾನ್ಯ ಸಂಪಾದಕರೇ,

ಬ್ರಿಟಿಷರ ಕಾಲದ ಹೈಕೋರ್ಟ್‌ಗಳಲ್ಲಿ ಮೊದಲ ಸಾಲಿನಲ್ಲಿ ಕೂತ ಭಾರತೀಯ ನ್ಯಾಯಮೂರ್ತಿಗಳ ಬಗ್ಗೆ ಆಗಾಗ ಪರಿಚಯ ಲೇಖನಗಳು ಬರುತ್ತವೆ. ಎಲ್ಲದರ ಅಚ್ಚು ಒಂದೇ. ಬಡತನ, ಬೀದಿ ದೀಪ, ಪರೀಕ್ಷೆಯಲ್ಲಿ ಮೊದಲ ಸ್ಥಾನ, ಸರ್ ಬಿರುದು, ಅಲ್ಲಿಗೆ ಮುಗೀತು. ಅವರು ಕೊಟ್ಟ ತೀರ್ಪು ಏನು ಅಂತ ಕೇಳಿದರೆ ಒಂದು ಸಾಲೂ ಇರುವುದಿಲ್ಲ.

ಟಿ. ಮುತ್ತುಸ್ವಾಮಿ ಅಯ್ಯರ್ ಅವರನ್ನೇ ತಗೊಳ್ಳಿ. ತಿಂಗಳಿಗೆ 1 ರೂಪಾಯಿ ಸಂಬಳಕ್ಕೆ ಊರ ಲೆಕ್ಕಿಗರ ಕೈಕೆಳಗೆ ದುಡಿದ ಹುಡುಗ ಮದ್ರಾಸ್ ಹೈಕೋರ್ಟಿನ ಮೊದಲ ಭಾರತೀಯ ನ್ಯಾಯಮೂರ್ತಿಯಾದದ್ದು ದೊಡ್ಡ ಮಾತೇ, ಇಲ್ಲ ಅನ್ನುವುದಿಲ್ಲ. ಆದರೆ 1895ರಲ್ಲಿ ತೀರಿಕೊಳ್ಳುವವರೆಗೂ ಅವರು ಪೀಠದಲ್ಲಿ ಮಾಡಿದ ಕೆಲಸ, ಮಲಬಾರಿನ ಅಳಿಯಸಂತಾನ ಮನೆತನಗಳ ಮದುವೆಗೆ ಕಾನೂನು ಬೇಕೇ ಎಂದು ನೋಡಲು ಸರ್ಕಾರ ನೇಮಿಸಿದ 1891ರ ಮಲಬಾರ್ ಮದುವೆ ಆಯೋಗದ ಅಧ್ಯಕ್ಷರಾಗಿ ಅವರಿಗೆ ಎದುರಾದ ಪ್ರಶ್ನೆಗಳು, ಇವೆಲ್ಲ ಎಲ್ಲಿ ಹೋದವು? (ಬೀದಿ ದೀಪದ ಕೆಳಗೆ ಓದಿದರು ಅಂತ ಎಷ್ಟು ಜನ ದೊಡ್ಡವರ ಬಗ್ಗೆ ಹೇಳುತ್ತೇವೋ ಲೆಕ್ಕ ಇಟ್ಟವರಿಲ್ಲ.)

ಅಲಹಾಬಾದ್ ಹೈಕೋರ್ಟಿನ ಸೈಯದ್ ಮಹಮೂದ್ ಅವರಂತೂ ಸರ್ ಸೈಯದ್ ಅಹ್ಮದ್ ಖಾನ್ ಅವರ ಮಗ ಅನ್ನುವ ಒಂದೇ ಸಾಲಿನಲ್ಲಿ ಮುಗಿದುಹೋಗುತ್ತಾರೆ. 1891ರಲ್ಲಿ ಪೋಹ್ಪಿ ಅನ್ನುವ ಕೈದಿಯ ಪ್ರಕರಣ ಅವರಿದ್ದ ಪೀಠದ ಮುಂದೆ ಬಂತು. ಜೈಲಿನಿಂದ ಮೇಲ್ಮನವಿ ಹಾಕಿದವನು, ವಕೀಲರನ್ನು ಇಡಲು ಕೈಯಲ್ಲಿ ದುಡ್ಡಿಲ್ಲ, ಕೋರ್ಟಿಗೆ ತಾನೇ ಬರೋಣವೆಂದರೆ ಬೀಗ ಹಾಕಿಟ್ಟಿದ್ದಾರೆ. ಅಂಥವನ ಕಾಗದ ಓದಿ ಮೇಲ್ಮನವಿ ತೀರ್ಮಾನಿಸಿಬಿಟ್ಟರೆ ಅವನ ಮಾತು ಕೇಳಿದಂತಾಯಿತೇ? ಆಗುವುದಿಲ್ಲ ಅಂತ ಮಹಮೂದ್ ಉದ್ದಕ್ಕೆ ಭಿನ್ನ ತೀರ್ಪು ಬರೆದರು, ಪೀಠದ ಉಳಿದವರು ಒಪ್ಪಲಿಲ್ಲ. ಎರಡು ವರ್ಷದಲ್ಲಿ, ಮುಖ್ಯ ನ್ಯಾಯಮೂರ್ತಿ ಜಾನ್ ಎಡ್ಜ್ ಜೊತೆ ಸರಿಬಾರದೆ, ರಾಜೀನಾಮೆ ಕೊಟ್ಟು ಹೊರನಡೆದರು. ಆಗ ವಯಸ್ಸು ಇನ್ನೂ 43ರ ಆಸುಪಾಸು. ಬರೆಯುವವರಿಗೆ ಇದಕ್ಕಿಂತ ಒಳ್ಳೆ ಕಥೆ ಬೇಕಾ?

ಇನ್ನೊಂದು ವಿಷಯ. ಪ್ರಭಾವ ಬೀರಿದವರೆಲ್ಲ ನಮಗೆ ಇಷ್ಟವಾಗುವವರೇ ಆಗಿರಬೇಕೆಂದಿಲ್ಲ ಅಲ್ವಾ. 1897ರ ತಿಲಕರ ರಾಜದ್ರೋಹದ ಕೇಸಿನಲ್ಲಿ ಬಾಂಬೆ ಹೈಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಸಿಗುತ್ತಾರೆ. ತಿಲಕರಿಗೆ ಮೊದಲು ನಿರಾಕರಿಸಿದ್ದ ಜಾಮೀನನ್ನು ಕೊನೆಗೆ ಕೊಟ್ಟವರು ಬದ್ರುದ್ದೀನ್ ತ್ಯಾಬ್ಜಿ. ಹತ್ತು ವರ್ಷದ ಹಿಂದೆ ಕಾಂಗ್ರೆಸ್ ಅಧ್ಯಕ್ಷರಾಗಿದ್ದವರು! ವಿಚಾರಣೆ ನಡೆಸಿದವರು ಇಂಗ್ಲಿಷ್ ನ್ಯಾಯಮೂರ್ತಿ ಆರ್ಥರ್ ಸ್ಟ್ರೇಚಿ. ಸರ್ಕಾರದ ಮೇಲೆ ಪ್ರೀತಿ ಇಲ್ಲದಿರುವುದೇ ದ್ವೇಷ ಅನ್ನುವ ಅರ್ಥದಲ್ಲಿ ಅವರು ಜ್ಯೂರಿಗೆ (ಆರೋಪಿ ತಪ್ಪಿತಸ್ಥನೋ ಅಲ್ಲವೋ ಹೇಳುವ ನಾಗರಿಕರ ತಂಡ) ಕಾನೂನು ವಿವರಿಸಿದರು. ಆರು ಜನ ಯುರೋಪಿಯನ್ನರು ತಪ್ಪಿತಸ್ಥ ಅಂದರು, ಮೂವರು ಭಾರತೀಯರು ಅಲ್ಲ ಅಂದರು. ತಿಲಕರಿಗೆ 18 ತಿಂಗಳ ಜೈಲು. ಸ್ಟ್ರೇಚಿಯ ಆ ಮಾತು ಅಲ್ಲಿಗೇ ಸಾಯಲಿಲ್ಲ. 1942ರಲ್ಲಿ ದೆಹಲಿಯ ಫೆಡರಲ್ ಕೋರ್ಟ್ ಬೇರೆ ದಾರಿ ಹಿಡಿದರೂ 1947ರಲ್ಲಿ ಆಗಿನ ಕೊನೆಯ ಮೇಲ್ಮನವಿ ಕೋರ್ಟಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ ಮತ್ತೆ ಸ್ಟ್ರೇಚಿ ಹೇಳಿದ್ದೇ ಸರಿ ಅಂದಿತು. ಹಿಂಸೆಗೆ ಪ್ರಚೋದನೆ ಇಲ್ಲವೇ ಸಾರ್ವಜನಿಕ ಶಾಂತಿ ಕೆಡಿಸುವ ಉದ್ದೇಶ ಅಥವಾ ಪ್ರವೃತ್ತಿ ಇದ್ದರೆ ಮಾತ್ರ ರಾಜದ್ರೋಹ ಅಂತ ಸುಪ್ರೀಂ ಕೋರ್ಟ್ ಕೇದಾರನಾಥ್ ಸಿಂಗ್ ಕೇಸಿನಲ್ಲಿ ಹೇಳಿದ್ದು 1962ರಲ್ಲಿ. ಹಾಗಾದರೆ ಕಾನೂನಿನ ಚರಿತ್ರೆಯಲ್ಲಿ ಜಾಸ್ತಿ ಜಾಗ ಯಾರಿಗೆ? ನನ್ನ ಪ್ರಕಾರ, ಮನಸ್ಸಿಗೆ ಹಿತವಾಗದಿದ್ದರೂ, ಸ್ಟ್ರೇಚಿಗೆ. ಅವರ ಬಗ್ಗೆ ಕನ್ನಡದಲ್ಲಿ ಒಂದು ಪುಟ ಬಂದದ್ದನ್ನೂ ನಾನಂತೂ ನೋಡಿಲ್ಲ.

ಸುಮ್ನೆ ದೂರುತ್ತಿಲ್ಲ. ಹಳೆಯ ಮುಖ್ಯ ತೀರ್ಪುಗಳು ಲಾ ರಿಪೋರ್ಟ್‌ಗಳಲ್ಲಿ ಅಚ್ಚಾಗಿಯೇ ಇವೆ, ಓದಲು ಯಾರ ಅಪ್ಪಣೆಯೂ ಬೇಡ. ನಿಮ್ಮ ಭಾನುವಾರದ ಪುರವಣಿಯಲ್ಲಿ ವಾರಕ್ಕೊಬ್ಬ ನ್ಯಾಯಮೂರ್ತಿ, ಅವರ ಒಂದೇ ಒಂದು ತೀರ್ಪು ಅಂತ ಅಂಕಣ ಶುರು ಮಾಡಿ. ಬರೆಯಲು ನಿವೃತ್ತ ವಕೀಲರನ್ನು ಕೇಳಿ, ಕಾನೂನು ಕಾಲೇಜಿನ ಹುಡುಗ ಹುಡುಗಿಯರನ್ನೂ ಕೇಳಿ. ಹುಟ್ಟಿದ ಊರು, ಬಿರುದುಗಳ ಪಟ್ಟಿ ಕೊನೆಗೆ ಚಿಕ್ಕ ಅಕ್ಷರದಲ್ಲಿ ಹಾಕಿದರೆ ಸಾಕು. ಮೊದಲ ವಾರಕ್ಕೆ ಮಹಮೂದ್ ಆಗಲಿ.

– ನಿಮ್ಮ ಓದುಗ